ಮೆಗಾಪಿಕ್ಸೆಲ್ ಹೆಚ್ಚಿದ್ದರೆ ಫೋಟೊ ಚೆನ್ನಾಗಿ ಬರುತ್ತದೆಯೇ?

‘108 ಮೆಗಾಪಿಕ್ಸೆಲ್ ಕ್ಯಾಮೆರಾ ಇದ್ದರೆ ಮಾತ್ರ ಒಳ್ಳೆಯ ಫೋಟೊ’ ಎಂದು ಹಲವರು ನಂಬಿದ್ದಾರೆ. ಇದು ನಿಜವಲ್ಲ.

ಒಂದು ಮೆಗಾಪಿಕ್ಸೆಲ್ ಎಂದರೆ 10 ಲಕ್ಷ ಚುಕ್ಕಿ. 1080×2400 ಅಳತೆಯ ಫೋನ್ ಪರದೆ ತೋರಿಸುವುದು ಸುಮಾರು 26 ಲಕ್ಷ ಚುಕ್ಕಿಗಳನ್ನು ಮಾತ್ರ. ವಾಟ್ಸಾಪ್‌ನಲ್ಲಿ ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದರೆ ಚಿತ್ರ ಇನ್ನೂ ಕುಗ್ಗುತ್ತದೆ. ದೊಡ್ಡ ಪ್ರಿಂಟ್ ಹಾಕಿಸಲು ಅಥವಾ ಚಿತ್ರದ ಒಂದು ಭಾಗವನ್ನಷ್ಟೇ ಕತ್ತರಿಸಿಕೊಳ್ಳಲು ಮಾತ್ರ ಹೆಚ್ಚು ಚುಕ್ಕಿಗಳು ಬೇಕಾಗುತ್ತವೆ.

ಫೋಟೊಗೆ ಮುಖ್ಯವಾದದ್ದು ಬೆಳಕು. ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ತೆಗೆದುಕೊಳ್ಳಿ. ನಡುಹಗಲಲ್ಲಿ ಬಿಸಿಲು ಮೇಲಿನಿಂದ ಬೀಳುವುದರಿಂದ ವ್ಯಾಪಾರಿಗಳ ಕಣ್ಣಿನ ಕೆಳಗೆ ಕಪ್ಪು ನೆರಳು ಮೂಡುತ್ತದೆ. ಬೆಳಿಗ್ಗೆಯ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಮುಖ ತಿಳಿಯಾಗಿ ಕಾಣುತ್ತದೆ, ಕಡಲೆಕಾಯಿ ಸಿಪ್ಪೆಯ ಗೆರೆಗಳೂ ಎದ್ದು ಕಾಣುತ್ತವೆ. ರಾತ್ರಿ ಬೆಳಕು ಸಾಲದೆ ಕ್ಯಾಮೆರಾ ಹೆಚ್ಚು ಹೊತ್ತು ಬೆಳಕನ್ನು ಹಿಡಿಯಬೇಕಾಗುತ್ತದೆ. ಆಗ ಕೈ ಅಲುಗಿದರೆ ಚಿತ್ರ ಮಸುಕು.

ಹೊಸದಾಗಿ ಕಲಿಯುವವರು ಹೀಗೆ ಮಾಡಿ:

• ಮೆತ್ತನೆಯ ಬಟ್ಟೆಯಿಂದ ಲೆನ್ಸ್ ಒರೆಸಿ. ಬೆರಳಿನ ಜಿಡ್ಡೇ ಎಷ್ಟೋ ಚಿತ್ರಗಳನ್ನು ಮಂಜಾಗಿಸುತ್ತದೆ.
• ಕತ್ತಲಲ್ಲಿ ಫೋನನ್ನು ಕಂಬಕ್ಕೋ ಗೋಡೆಗೋ ಒತ್ತಿ ಹಿಡಿಯಿರಿ.
• ಜೂಮ್ ಮಾಡುವ ಬದಲು, ಒಪ್ಪಿಗೆ ಕೇಳಿ, ಎರಡು ಹೆಜ್ಜೆ ಹತ್ತಿರ ಹೋಗಿ.
• ಒಂದೇ ಜಾಗವನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೆಗೆದು ಹೋಲಿಸಿ.

ಹೊಸ ಫೋನಿಗೆ ಸಾಲ ಮಾಡುವ ಮುನ್ನ ಒಂದು ವಾರ ಇದನ್ನು ಮಾಡಿ ನೋಡಿ.