ಎ.ಸಿ. ಡ್ರೈನ್ ಪೈಪಿನಲ್ಲಿ ಲೋಳೆ: ಮಲೆ ಮಹದೇಶ್ವರ ಬೆಟ್ಟದ ವಸತಿಕೋಣೆಗಳ ಹಿನ್ನೆಲೆಯಲ್ಲಿ

ಎ.ಸಿ.ಯ ಒಳಘಟಕದ ಕಾಯಿಲ್ ಕೋಣೆಯ ಗಾಳಿಯ ಇಬ್ಬನಿ ಬಿಂದುವಿಗಿಂತ ತಣ್ಣಗಿದ್ದಾಗ ಅದರ ಮೇಲೆ ನೀರು ಕಟ್ಟುತ್ತದೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್ನಿನ ಮುದ್ರಣಾಲಯವೊಂದಕ್ಕೆ ರೂಪಿಸಿದ ಯಂತ್ರದ ಮುಖ್ಯ ಕೆಲಸವೇ ಹೀಗೆ ಗಾಳಿಯ ತೇವ ತೆಗೆಯುವುದಾಗಿತ್ತು. ಒಂದು ಟನ್ ಯಂತ್ರದ ತಂಪುಶಕ್ತಿ 3.5 ಕಿಲೋವ್ಯಾಟ್, ಅದರಲ್ಲಿ ಶೇ 30ರಷ್ಟು ತೇವ ತೆಗೆಯಲು ವ್ಯಯವಾದರೆ ಗಂಟೆಗೆ ಸುಮಾರು ಒಂದೂವರೆ ಲೀಟರ್ ನೀರು ಕಾಯಿಲಿನ ಕೆಳಗಿನ ಟ್ರೇಗೆ ಇಳಿದು ಡ್ರೈನ್ ಪೈಪಿನಿಂದ ಹೊರಹೋಗುತ್ತದೆ. ಒಣಹವೆಯಲ್ಲಿ ಅದು ತೀರ ಕಡಿಮೆ.

ಈ ನೀರಿನಲ್ಲಿ ಲವಣವಿಲ್ಲ, ಕ್ಲೋರಿನ್ನೂ ಇಲ್ಲ. ಫಿಲ್ಟರ್ ದಾಟಿ ಬಂದ ದೂಳು, ಕೂದಲು, ಚರ್ಮದ ಹೊಟ್ಟು ಇದರಲ್ಲಿ ನೆನೆದು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಿಗೆ ಆಹಾರವಾಗುತ್ತವೆ. ಪೈಪಿನ ಒಳಗೋಡೆಗೆ ಅಂಟುವ ಲೋಳೆ ಇವುಗಳದೇ. ಸಾಮಾನ್ಯವಾಗಿ ಎಲ್ಲವನ್ನೂ ಪಾಚಿ ಎಂದು ಕರೆದರೂ ಪಾಚಿಗೆ ಬೆಳಕು ಬೇಕು. ಅದು ಬೆಳೆಯುವುದು ಬಿಸಿಲು ಬೀಳುವ ಪಾರದರ್ಶಕ ಹೋಸಿನಲ್ಲಿ ಮಾತ್ರ.

ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ಜನ ನೆರೆಯುವುದು ಅಮಾವಾಸ್ಯೆಗಳಲ್ಲಿ, ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳಲ್ಲಿ. ಹೀಗಾಗಿ ಅಲ್ಲಿನ ಎ.ಸಿ. ಕೋಣೆಯಲ್ಲಿ ಯಂತ್ರದ ಓಟ ಬಿಟ್ಟುಬಿಟ್ಟು ನಡೆಯುವಂಥದು. ವಿಭೂತಿ, ಧೂಪದ ಹೊಗೆಯ ಮಸಿಯೂ ಫಿಲ್ಟರಿಗೆ ಸೇರುತ್ತವೆ. ಶಿವರಾತ್ರಿಯ ಒಣಹವೆಯಲ್ಲಿ ತೊಟ್ಟಿಕ್ಕುವ ನೀರಿಗೆ ಕೊಳೆ ತಳ್ಳುವ ಬಲವಿರುವುದಿಲ್ಲ. ಜಾತ್ರೆ ಮುಗಿದು ಯಂತ್ರ ನಿಂತರೆ ಲೋಳೆ ಒಣಗಿ ಹಕ್ಕಳೆಗಟ್ಟುತ್ತದೆ. ಏಪ್ರಿಲ್–ಮೇ ತಿಂಗಳ ಮಳೆಗೆ ಗಾಳಿಯ ತೇವ ಏರಿ ನೀರು ಹೆಚ್ಚಿದಾಗ ಆ ಹಕ್ಕಳೆ ಕಿತ್ತು ಬಂದು ಪೈಪಿನ ಬಾಗಿನಲ್ಲಿ ಸಿಕ್ಕಿಕೊಳ್ಳುತ್ತದೆ, ನೀರು ಗೋಡೆಗೆ ಇಳಿಯುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಯಾವಾಗಲಾದರೂ ತೊಳೆಯುವುದಕ್ಕಿಂತ ಯುಗಾದಿ ಜಾತ್ರೆ ಮುಗಿದೊಡನೆ ತೊಳೆಯುವುದು ಹೆಚ್ಚು ಉಪಯುಕ್ತ.

ತೊಳೆಯುವಾಗ ಮೊದಲು ನೋಡಬೇಕಾದದ್ದು ಪೈಪಿನ ವಾಟ. ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಜಾರು ಇರಬೇಕು. ಜೋಲುಬಿದ್ದ ಹೋಸಿನಲ್ಲಿ ನೀರು ನಿಂತೇ ನಿಲ್ಲುತ್ತದೆ, ಅಲ್ಲಿ ಯಾವ ಔಷಧವೂ ಬಹುಕಾಲ ಕೆಲಸ ಮಾಡದು. ಪೈಪಿನ ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿರಬಾರದು. ಕಟ್ಟಿಕೊಂಡದ್ದನ್ನು ಹೊರತುದಿಯಿಂದ ವೆಟ್ ವ್ಯಾಕ್ಯೂಮಿನಲ್ಲಿ ಎಳೆದು, ಟ್ರೇಗೆ ಉಗುರುಬೆಚ್ಚಗಿನ ನೀರು ಬಿಡಬೇಕು. ಕುದಿಯುವ ನೀರಿಗೆ ಪಿ.ವಿ.ಸಿ. ಮೆತ್ತಗಾಗುತ್ತದೆ. ಉಳಿದ ಲೋಳೆಗೆ ಸೌಮ್ಯವಾದ ವಿನೆಗರ್ ಸಾಕು. ಬ್ಲೀಚ್ ದ್ರಾವಣ ಅಲ್ಯೂಮಿನಿಯಂ ಫಿನ್‌ಗಳನ್ನೂ ತಾಮ್ರವನ್ನೂ ತಿನ್ನುತ್ತದೆ. ವಿನೆಗರ್ ಜೊತೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಕೊನೆಗೆ ಟ್ರೇಗೆ ಒಂದು ಲೀಟರ್ ನೀರನ್ನು ನಿಧಾನವಾಗಿ ಸುರಿದು ಹೊರತುದಿಯಲ್ಲಿ ಅಳೆಯಬೇಕು. ಕೊರತೆ ಕಂಡರೆ ತಡೆ ಇನ್ನೂ ಉಳಿದಿದೆ, ಇಲ್ಲವೇ ಪೈಪು ನಡುವೆ ಎಲ್ಲೋ ಜೋಲುಬಿದ್ದಿದೆ.