ಕಮಂಡಲುವನ್ನು ಮೀರಿ ಹರಿದವಳು

ದೇವದಾನವರು ಪಾಲ್ಗಡಲನ್ನು ಕಡೆದು ಮುಗಿಸಿದ್ದರು. ಅಮೃತಕಲಶ ಅಸುರರ ವಶವಾಗಿತ್ತು. ಅದನ್ನು ಮರಳಿ ತರಲು ಲಕ್ಷ್ಮಿ ಮೋಹಿನಿಯನ್ನು ಕಳುಹಿದಳು. ಮೋಹಿನಿಗೆ ಒತ್ತಾಸೆಯಾಗಿರಲೆಂದು ಪಾರ್ವತಿ ಲೋಪಾಮುದ್ರೆಯನ್ನು ಕಳುಹಿದಳು. ಕೆಲಸ ಕೈಗೂಡಿತು. ಮೋಹಿನಿ ಸಹ್ಯಾದ್ರಿಯ ಬ್ರಹ್ಮಗಿರಿಗೆ ಬಂದು ಗುಹೆಯೊಂದರಲ್ಲಿ ಶಿಲೆಯಾಗಿ ನಿಂತಳು. ಲೋಪಾಮುದ್ರೆಯನ್ನು ಬ್ರಹ್ಮನು ತನ್ನ ಮಗಳೆಂದು ಸಾಕಿದನು. ಸ್ಕಂದಪುರಾಣದ ಭಾಗವೆಂದು ಕೊಡಗಿನವರು ನಂಬಿ ಬಂದಿರುವ ಕಾವೇರಿ ಪುರಾಣವು ಹೊಳೆಯ ಹುಟ್ಟನ್ನು ಹೇಳಲು ಇಷ್ಟು ಹಿಂದಕ್ಕೆ ಹೋಗುತ್ತದೆ.

ಆ ಕಾಲದಲ್ಲಿ ಕವೇರನೆಂಬ ಮುನಿ ಬ್ರಹ್ಮಗಿರಿಯಲ್ಲಿ ತಪಸ್ಸಿಗೆ ಕುಳಿತಿದ್ದನು. ಅವನ ಬೇಡಿಕೆ ಒಂದೇ, ಸಂತಾನ. ಮೆಚ್ಚಿದ ಬ್ರಹ್ಮನು ಲೋಪಾಮುದ್ರೆಯನ್ನೇ ಅವನ ಮಡಿಲಿಗೆ ಹಾಕಿದನು. ಕವೇರನ ಮಗಳಾದ್ದರಿಂದ ಅವಳು ಕಾವೇರಿಯಾದಳು. ಸಾಕಿದ ತಂದೆಗೆ ಸದ್ಗತಿ ದೊರಕಿಸಬೇಕೆಂದು ಮಗಳು ಒಂದು ನಿಶ್ಚಯಕ್ಕೆ ಬಂದಳು. ತಾನು ನದಿಯಾಗಿ ನಾಡಿನ ಮೇಲೆ ಹರಿಯಬೇಕು, ತನ್ನಲ್ಲಿ ಮಿಂದವರ ಪಾಪ ತೊಳೆದು ಹೋಗಬೇಕು, ಅದರಿಂದ ಬರುವ ಪುಣ್ಯವೆಲ್ಲ ಕವೇರನಿಗೆ ಸಲ್ಲಬೇಕು. ಮೋಹಿನಿ ಶಿಲೆಯಾದ ಎಡೆಗೇ ಹೋಗಿ ಅವಳು ಬ್ರಹ್ಮನನ್ನು ಕುರಿತು ತಪಸ್ಸು ಮಾಡಿದಳು.

ಈ ಭಾಗವನ್ನು ಹೇಳುವವರೂ ಕೇಳುವವರೂ ಬೇಗ ದಾಟಿ ಅಗಸ್ತ್ಯರ ಕಮಂಡಲುವಿಗೆ ಬಂದುಬಿಡುತ್ತಾರೆ. ಆದರೆ ಕಥೆಯ ತಿರುಳು ಇಲ್ಲೇ ಇದೆ ಎಂದು ನನ್ನ ಭಾವನೆ. ಗಂಗೆಯನ್ನು ಭಗೀರಥನು ಕರೆತಂದನು, ಶಿವನು ಜಟೆಯಲ್ಲಿ ಹಿಡಿದನು. ಕಾವೇರಿಯನ್ನು ಯಾರೂ ಕರೆತರಲಿಲ್ಲ. ಋಷಿಯ ಕಣ್ಣಿಗೆ ಬೀಳುವ ಮೊದಲೇ ಅವಳು ಹೊಳೆಯಾಗುವ ಸಂಕಲ್ಪ ತೊಟ್ಟಿದ್ದಳು.

ಅಗಸ್ತ್ಯರು ಅವಳನ್ನು ಕಂಡದ್ದು ಆ ತಪಸ್ಸಿನ ನಡುವೆ. ಕಂಡವರೇ ಕೈಹಿಡಿಯಲು ಕೇಳಿದರು. ಅವಳಿಗೆ ಮನಸ್ಸಿರಲಿಲ್ಲ, ಮಹರ್ಷಿಯ ಮಾತನ್ನು ತೆಗೆದುಹಾಕುವುದೂ ಆಗಲಿಲ್ಲ. ಒಂದು ಷರತ್ತಿನ ಮೇಲೆ ಒಪ್ಪಿದಳು. "ನನ್ನನ್ನು ಒಬ್ಬಳನ್ನೇ ಬಿಟ್ಟು ಹೋಗಬಾರದು. ಬಿಟ್ಟು ಹೋದ ದಿನ ನಾನು ನನ್ನ ದಾರಿ ಹಿಡಿಯುತ್ತೇನೆ" ಎಂಬುದು ಅದರ ಸಾರ. ಅಗಸ್ತ್ಯರು ಮಾತು ಕೊಟ್ಟರು.

ಲೋಪಾಮುದ್ರೆ ಎಂಬ ಹೆಸರು ಪುರಾಣಗಳಿಗಿಂತ ಬಹಳ ಹಳೆಯದು. ಋಗ್ವೇದದ ಮೊದಲ ಮಂಡಲದ 179ನೆಯ ಸೂಕ್ತದಲ್ಲಿ ಅವಳು ತಪೋನಿರತ ಗಂಡನೊಡನೆ ನೇರವಾಗಿ ಮಾತನಾಡುತ್ತಾಳೆ. ವರ್ಷಗಟ್ಟಲೆ ದುಡಿದು ದಣಿದೆ, ಮುಪ್ಪು ಮೈಯ ಚೆಲುವನ್ನು ಸವೆಸುತ್ತಿದೆ ಎಂದು ಅಳುಕಿಲ್ಲದೆ ಹೇಳುತ್ತಾಳೆ. ಮಹಾಭಾರತದಲ್ಲಿ ಅವಳು ವಿದರ್ಭದ ರಾಜಕುಮಾರಿ. ಅಲ್ಲಿಯೂ ಗಂಡನ ಮುಂದೆ ತನ್ನ ಷರತ್ತನ್ನು ಇಟ್ಟೇ ಬಾಳುವೆ ನಡೆಸುತ್ತಾಳೆ. ಬ್ರಹ್ಮಗಿರಿಯ ಕಾವೇರಿಗೆ ಈ ಹೆಸರು ಬಂದದ್ದು ಬರಿಯ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ತನ್ನ ಮಾತನ್ನು ನುಂಗಿಕೊಳ್ಳದ ಹೆಣ್ಣಿಗೆ ಭರತಖಂಡದ ಪರಂಪರೆ ಇಟ್ಟ ಹೆಸರು ಅದು.

ಒಂದು ದಿನ ಬೆಳಗ್ಗೆ ಅಗಸ್ತ್ಯರು ಕನಕೆ ಹೊಳೆಗೆ ಮೀಯಲು ಹೊರಟರು. ಕಾವೇರಿಯನ್ನು ತಮ್ಮ ಪುಣ್ಯಕುಂಡದ ಬಳಿ ಬಿಟ್ಟು ಶಿಷ್ಯರನ್ನು ಕಾವಲಿಟ್ಟರು. ಜನ ಹೆಚ್ಚಾಗಿ ಹೇಳುವ ಕಥೆಯಲ್ಲಿ ಅವಳನ್ನು ನೀರಾಗಿಸಿ ಕಮಂಡಲುವಿನಲ್ಲಿ ತುಂಬಿಟ್ಟು ಹೋದರು. ಕುಂಡವಾಗಲಿ ಕಮಂಡಲುವಾಗಲಿ, ಕೊಟ್ಟ ಮಾತು ಆಗಲೇ ಮುರಿದಿತ್ತು. ಒಂಟಿಯಾದೆನೆಂದು ತಿಳಿದ ಗಳಿಗೆಯಲ್ಲೇ ಕಾವೇರಿ ಉಕ್ಕಿ ಹೊರಹೊಮ್ಮಿದಳು. ಶಿಷ್ಯರು ಓಡಿಬಂದು ಅಡ್ಡಗಟ್ಟಿದರು. ಅವಳು ನೆಲದೊಳಕ್ಕೆ ಇಳಿದು ಮರೆಯಾದಳು. ಮತ್ತೆ ಕಾಣಿಸಿಕೊಂಡದ್ದು ಬೆಟ್ಟದ ಬುಡದಲ್ಲಿ, ಭಗಂಡ ಋಷಿಯ ಕ್ಷೇತ್ರವಾದ ಭಾಗಮಂಡಲದಲ್ಲಿ. ಅಲ್ಲಿ ಕನಕೆ ಬಂದು ಕೂಡಿದಳು. ಕಣ್ಣಿಗೆ ಕಾಣದ ಸುಜ್ಯೋತಿಯೆಂಬ ಹೊಳೆಯೂ ನೆಲದಡಿಯಿಂದ ಸೇರಿದಳೆಂದು ನಂಬಿಕೆ.

ಹೊಳೆಯ ಹುಟ್ಟುನೆಲೆಯಾದ, ಸಮುದ್ರಮಟ್ಟದಿಂದ ಸುಮಾರು 1,276 ಮೀಟರ್ ಎತ್ತರದ ತಲಕಾವೇರಿಗೆ ಹೋದವರು ಇದನ್ನು ನೋಡಿಯೇ ಇರುತ್ತಾರೆ. ಅಲ್ಲಿರುವುದು ಚೌಕದ ಪುಟ್ಟ ಕುಂಡಿಕೆ, ಅದರ ಮುಂದೊಂದು ಕೊಳ. ಅಲ್ಲಿಂದ ಹೊಳೆ ಹರಿದು ಹೋಗುವುದು ವರ್ಷದ ಬಹುಪಾಲು ಕಣ್ಣಿಗೆ ಕಾಣುವುದಿಲ್ಲ. ನೀರು ಒಳಗೊಳಗೇ ಇಳಿದು ಕೆಳಗೆ ಹೊಮ್ಮುತ್ತದೆ. ಪುರಾಣಕಾರನು ಬೆಟ್ಟವನ್ನು ಕಣ್ಣಾರೆ ಕಂಡೇ ಬರೆದನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮಿಂದು ಬಂದ ಅಗಸ್ತ್ಯರು ಬರಿದಾದ ಕುಂಡವನ್ನು ಕಂಡರು. ಹಿಂದೆಯೇ ಬಂದು, ತಪ್ಪಾಯಿತು, ಮರಳಿ ಬಾ ಎಂದು ಬೇಡಿಕೊಂಡರು. ಕಾವೇರಿ ಸಂಕಲ್ಪವನ್ನು ಬಿಡಲಿಲ್ಲ, ಋಷಿಯನ್ನು ನೋಯಿಸಲೂ ಇಲ್ಲ. ತನ್ನನ್ನು ತಾನೇ ಎರಡಾಗಿಸಿಕೊಂಡಳು. ಅರ್ಧ ಲೋಪಾಮುದ್ರೆಯಾಗಿ ಗಂಡನೊಡನೆ ಹೋಯಿತು. ಇನ್ನರ್ಧ ನದಿಯಾಗಿ ಮೂಡಣದತ್ತ ನಡೆಯಿತು.

ಕೊಡಗಿನ ಜನ ಅವಳನ್ನು ಎದುರುಗೊಂಡದ್ದು ಬಲಮುರಿಯಲ್ಲಿ. ಮತ್ಸ್ಯದೇಶದ ಸಿದ್ಧಾರ್ಥರಾಯನ ಮಗ ಚಂದ್ರವರ್ಮನು ಪಾರ್ವತಿಯ ವರದಿಂದ ಈ ಮಲೆನಾಡಿಗೆ ಒಡೆಯನಾಗಿದ್ದನು. ಅವನ ಹಿರಿಯ ಮಗ ದೇವಕಾಂತನ ಕನಸಿನಲ್ಲಿ ದೇವಿ ಕಾಣಿಸಿಕೊಂಡು, ನಿನ್ನ ಜನರೊಡನೆ ಬಲಮುರಿಗೆ ಬಾ ಎಂದಳು. ಎಲ್ಲರೂ ಬಂದು ಮೀಯುತ್ತಿದ್ದಾಗ ಹೊಳೆ ಭೋರ್ಗರೆದು ಬಂತು. ಅದರ ರಭಸಕ್ಕೆ ಹೆಂಗಸರು ಉಟ್ಟ ಸೀರೆಯ ನೆರಿಗೆಗಳು ಮುಂದಿನಿಂದ ಹಿಂದಕ್ಕೆ ಸರಿದವು. ಕೊಡವ ಹೆಂಗಸರು ಇಂದಿಗೂ ನೆರಿಗೆಯನ್ನು ಬೆನ್ನ ಹಿಂದೆ ಉಡುತ್ತಾರೆ. ಒಂದು ನದಿಯ ಗುರುತನ್ನು ಇಷ್ಟು ಮೈಹತ್ತಿರ ಇಟ್ಟುಕೊಂಡ ಜನ ಅಪರೂಪ.

ಹೊಳೆ ಹಾಗೆ ಬಂದದ್ದು ತುಲಾ ಮಾಸದಲ್ಲಿ. ಈಗಲೂ ಅಕ್ಟೋಬರ್ ನಡುವೆ ಸೂರ್ಯನು ತುಲಾರಾಶಿಗೆ ಬರುವ ಗಳಿಗೆಯಲ್ಲಿ, ಅದು ನಡುರಾತ್ರಿಯಾದರೂ ಸರಿಯೇ, ಕುಂಡಿಕೆಯ ಸುತ್ತ ಜನ ಕಿಕ್ಕಿರಿದು ತೀರ್ಥೋದ್ಭವಕ್ಕೆ ಕಾಯುತ್ತಾರೆ. ಬರಲಾಗದ ಮನೆಗಳಿಗೂ ತೀರ್ಥ ತಲುಪುತ್ತದೆ. ಕೊಡವರ ಮನೆಗಳಲ್ಲಿ ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ತೊಡಿಸಿ, ಬಳೆ ಇಟ್ಟು, ಅದನ್ನೇ ಕಾವೇರಮ್ಮೆ ಎಂದು ಪೂಜಿಸುತ್ತಾರೆ. ಮನೆಯ ಹಿರಿಯರು ಅಕ್ಕಿ ಹಾಕಿ ನಮಸ್ಕರಿಸಿದ ಮೇಲೆ ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ. ತವರಿಗೆ ಬಂದ ಮಗಳಿಗೆ ಮಾಡುವ ಉಪಚಾರದಂತೆಯೇ ಅದು ನಡೆಯುತ್ತದೆ.

ಕೆಳನಾಡಿನ ತಮಿಳರಿಗೆ ಅವಳು ಸೊಸೆಯಂತೆ ಬಂದವಳು; ಅವರ ಕಥೆಯೂ ಬೇರೆ. ಶೂರಪದ್ಮನೆಂಬ ಅಸುರನ ಉಪಟಳಕ್ಕೆ ಹೆದರಿ ಇಂದ್ರನು ಶೀರ್ಕಾಳಿಯಲ್ಲಿ ಅವಿತು ಹೂದೋಟ ಬೆಳೆಸಿದ್ದನು. ಮಳೆಯಿಲ್ಲದೆ ತೋಟ ಬಾಡಿತು. ಆಗ ಗಣಪತಿ ಕಾಗೆಯ ರೂಪದಲ್ಲಿ ಬಂದು ಅಗಸ್ತ್ಯರ ಕಮಂಡಲುವನ್ನು ಉರುಳಿಸಿದನು. ಅಲ್ಲಿ ಹೆಂಡತಿಯ ಷರತ್ತಿಲ್ಲ, ಮುರಿದ ಮಾತಿಲ್ಲ. ಒಣಗಿದ ನೆಲಕ್ಕೆ ನೀರು ಬೇಕಿತ್ತು, ಬಂತು. ಗದ್ದೆಯನ್ನೇ ನಂಬಿದ ನಾಡು ಅದನ್ನೇ ಮುಖ್ಯವೆಂದು ಬಗೆದದ್ದು ಸಹಜ.

ಸುಮಾರು 800 ಕಿಲೋಮೀಟರ್ ಹರಿದು ಕಾವೇರಿ ಪುಹಾರಿನ ಬಳಿ ಕಡಲು ಸೇರುತ್ತಾಳೆ. ತಮಿಳಿನ ಹಳೆಯ ಮಹಾಕಾವ್ಯ ಮಣಿಮೇಖಲೈ ಆ ತುದಿಯ ಕಥೆಯನ್ನು ತನ್ನ ಪೀಠಿಕೆಯಲ್ಲಿ ಹೇಳುತ್ತದೆ. ಅದರ ಪ್ರಕಾರ ಚೋಳರಾಜ ಕಾಂತನು ಕೇಳಿಕೊಂಡಾಗ ಅಗಸ್ತ್ಯರು ಕಮಂಡಲುವನ್ನು ಬಗ್ಗಿಸಿದರು. ನದಿ ಮೂಡಲಿಗೆ ಹರಿದು ಬಂದಳು. ಕಡಲದಂಡೆಯ ಆ ಪಟ್ಟಣವನ್ನು ಜಂಬೂದ್ವೀಪದ ಅಧಿದೇವತೆಯಾದ ಚಂಪಾಪತಿ ಬಹುಕಾಲದಿಂದ ಕಾಯುತ್ತಿದ್ದಳು. ಊರಿಗೂ ಅವಳದೇ ಹೆಸರು. ಕಾವೇರಿ ಬಂದು ಆ ಹಿರಿಯಳಿಗೆ ನಮಸ್ಕರಿಸಿದಳು. ಹಿರಿಯಳು ಬಂದವಳನ್ನು ಹರಸಿ ಬರಮಾಡಿಕೊಂಡಳು. ತನ್ನ ಹೆಸರಿನ ಊರು ಇನ್ನು ಮೇಲೆ ನಿನ್ನ ಹೆಸರಿನಿಂದ ನಡೆಯಲಿ ಎಂದಳು. ಅಂದಿನಿಂದ ಅದು ಕಾವೇರಿಪೂಂಪಟ್ಟಿಣವಾಯಿತು.