ಕೌಂಟಿ ಭೂಬಳಕೆ ಯೋಜನೆಯಲ್ಲಿ ನಿವಾಸಿಗಳ ಪಾತ್ರ: ಅಮೆರಿಕದ ಗ್ರಾಮಾಂತರದ ಅನುಭವ, 1929–1942

ಒಂದು ಪ್ರದೇಶದ ಯಾವ ನೆಲ ಉಳುಮೆಗೆ, ಯಾವುದು ಮೇವಿಗೆ, ಯಾವುದು ಕಾಡಿಗೆ ಎಂಬ ನಿರ್ಣಯವನ್ನು ಯಾರು ಕೈಗೊಳ್ಳಬೇಕು? ಈ ಪ್ರಶ್ನೆಯ ಇತಿಹಾಸವನ್ನು ಸಾಮಾನ್ಯವಾಗಿ ಪ್ರಭುತ್ವದ, ಕಂದಾಯ ಆಡಳಿತದ ಇತಿಹಾಸವಾಗಿ ಬರೆಯುವುದು ವಾಡಿಕೆ. ನೆಲದ ಮೇಲೆ ಬಾಳುವ ಜನ ಅದರಲ್ಲಿ ಫಲಾನುಭವಿಗಳಾಗಿ ಇಲ್ಲವೇ ಪ್ರತಿಭಟನಕಾರರಾಗಿ ಮಾತ್ರ ಕಾಣಿಸಿಕೊಳ್ಳುತ್ತಾರೆ. ನಿರ್ಣಯ ಕೈಗೊಳ್ಳುವವರ ಸಾಲಿನಲ್ಲಿ ಅವರು ಕಾಣುವ ಸಂದರ್ಭಗಳು ವಿರಳ. ಅಂಥ ವಿರಳ ಸಂದರ್ಭಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಗ್ರಾಮೀಣ ಕೌಂಟಿಗಳಲ್ಲಿ 1929ರಿಂದ 1942ರವರೆಗೆ ನಡೆದ ಪ್ರಯೋಗಗಳು ಪ್ರಮುಖವಾದವು. ಅವುಗಳಲ್ಲಿ ಒಂದು ಉಳಿಯಿತು, ಇನ್ನೊಂದು ಅಳಿಯಿತು. ಏಕೆ ಹೀಗಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೌಂಟಿ ಎಂಬ ಘಟಕದ ಬಗ್ಗೆ ಒಂದು ಮಾತು ಅಗತ್ಯ. ಅದನ್ನು ನಮ್ಮಲ್ಲಿ ಜಿಲ್ಲೆ ಎಂದು ಅನುವಾದಿಸುವುದುಂಟು. ಅದು ಅಷ್ಟು ಸರಿಯಲ್ಲ. ಆ ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿವೆ. ಗ್ರಾಮೀಣ ಕೌಂಟಿಯೊಂದು ವಿಸ್ತೀರ್ಣದಲ್ಲಿ ನಮ್ಮ ತಾಲ್ಲೂಕನ್ನು ಹೋಲಬಹುದಾದರೂ ಜನಸಂಖ್ಯೆಯಲ್ಲಿ ಎಷ್ಟೋ ವೇಳೆ ಹೋಬಳಿಯನ್ನೂ ಮೀರುವುದಿಲ್ಲ. ಚುನಾಯಿತ ಮಂಡಳಿ, ತೆರಿಗೆ ವಿಧಿಸುವ ಅಧಿಕಾರ, ರಸ್ತೆಗಳ ಹೊಣೆ ಅದಕ್ಕಿವೆ. ಕೌಂಟಿಯೊಳಗಿನ ‘ಟೌನ್’ ಎಂಬುದು, ವಿಸ್ಕಾನ್ಸಿನ್‌ನಂಥ ರಾಜ್ಯಗಳಲ್ಲಿ, ಪಟ್ಟಣವಲ್ಲ. ನಮ್ಮ ಗ್ರಾಮ ಪಂಚಾಯಿತಿಗೆ ಸಮೀಪವಾದ ಗ್ರಾಮಾಂತರ ಘಟಕ.

ಮೊದಲ ಪ್ರಯೋಗ ನಡೆದದ್ದು ಈ ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದಲ್ಲಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿಯ ಪೈನ್ ಕಾಡುಗಳನ್ನು ಮರದ ಕಂಪನಿಗಳು ಕಡಿದು ಮುಗಿಸಿದ್ದವು. ಉಳಿದ ಬುಡಗಳ ಬಯಲನ್ನು ಬೇಸಾಯದ ಭೂಮಿಯೆಂದು ಹೆಸರಿಸಿ ವಲಸೆ ಬಂದ ಕುಟುಂಬಗಳಿಗೆ ಮಾರಲಾಯಿತು. ಮರಳು ಮಿಶ್ರಿತ ನೆಲ, ಬೇಗನೆ ಬೀಳುವ ಹಿಮ, ದೂರದ ಮಾರುಕಟ್ಟೆ. ಇವುಗಳ ನಡುವೆ ಅನೇಕ ಒಕ್ಕಲುಗಳು ನೆಲೆಯೂರಲಾರದೆ ಹೋದವು. 1920ರ ದಶಕದಲ್ಲಿ ಜಮೀನಿನ ತೆರಿಗೆ ಬಾಕಿ ಬೆಳೆಯಿತು. ಬಾಕಿಗಾಗಿ ಭೂಮಿ ಕೌಂಟಿಗಳ ಕೈಸೇರಿತು. ಆದರೆ ಕಾಡಿನ ನಡುವೆ ಅಲ್ಲೊಂದು ಇಲ್ಲೊಂದರಂತೆ ಉಳಿದ ಮನೆಗಳಿಗೆ ರಸ್ತೆ ಮಾಡಿಸುವ, ಮಕ್ಕಳಿಗೆ ಶಾಲೆ ಒದಗಿಸುವ ಕರ್ತವ್ಯ ಮಾತ್ರ ತಪ್ಪಲಿಲ್ಲ. ತೆರಿಗೆ ಕೊಡುವವರು ಕಡಿಮೆಯಾದಂತೆ ಉಳಿದವರ ಮೇಲಣ ಹೊರೆ ಹೆಚ್ಚಿತು.

1929ರಲ್ಲಿ ವಿಸ್ಕಾನ್ಸಿನ್ ಶಾಸನಸಭೆ, ಯಾವ ಪ್ರದೇಶದಲ್ಲಿ ಬೇಸಾಯ, ಎಲ್ಲಿ ಅರಣ್ಯ, ಎಲ್ಲಿ ವಿಹಾರ ಎಂಬುದನ್ನು ವಲಯ ಕಟ್ಟಳೆಯ ಮೂಲಕ ಗೊತ್ತುಪಡಿಸುವ ಅಧಿಕಾರವನ್ನು ಕೌಂಟಿಗಳಿಗೆ ನೀಡಿತು. ಅದುವರೆಗೆ ವಲಯ ವಿಂಗಡಣೆ ನಗರಗಳ ವಿಷಯವಾಗಿತ್ತು. ಈ ಕಾನೂನಿನಲ್ಲಿ ಗಮನಿಸಬೇಕಾದ ಅಂಶವೆಂದರೆ, ಕೌಂಟಿ ಮಂಡಳಿಯು ಕಟ್ಟಳೆಯನ್ನು ಅಂಗೀಕರಿಸಿದರೂ ಆಯಾ ಟೌನ್ ಮಂಡಳಿ ಒಪ್ಪಿದ ಹೊರತು ಅದು ಆ ಟೌನಿನಲ್ಲಿ ಜಾರಿಗೆ ಬರುವಂತಿರಲಿಲ್ಲ. ಹೀಗಾಗಿ ಜನರ ಮನವೊಲಿಸುವುದು ಕೇವಲ ಸೌಜನ್ಯವಾಗಿ ಉಳಿಯಲಿಲ್ಲ, ಕಾನೂನಿನ ಅನಿವಾರ್ಯತೆಯಾಯಿತು. ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ಸಿಬ್ಬಂದಿ ಮತ್ತು ಕೌಂಟಿ ಕೃಷಿ ಅಧಿಕಾರಿ ಟೌನುಗಳಲ್ಲಿ ಸಭೆ ಕರೆದು ಮಣ್ಣಿನ ಗುಣ, ತೆರಿಗೆ ಬಾಕಿ, ಒಕ್ಕಲುಗಳ ನೆಲೆ ಇವುಗಳನ್ನು ತೋರಿಸುವ ನಕ್ಷೆಗಳನ್ನು ಮುಂದಿಟ್ಟರು. ಗೆರೆ ಎಲ್ಲಿ ಹಾಯಬೇಕೆಂಬ ಚರ್ಚೆ ಅಲ್ಲಿ ನಡೆಯಿತು. ದಾಖಲೆಯಲ್ಲಿ ಬರಿಯ ಬಣ್ಣದ ತೇಪೆಯಾಗಿ ಕಾಣುವುದು ಸಭೆಯಲ್ಲಿದ್ದವರಿಗೆ ನೆರೆಯವನ ಜಮೀನಾಗಿತ್ತು ಎಂಬುದನ್ನು ಮರೆಯಲಾಗದು.

1933ರ ಮೇ ತಿಂಗಳಲ್ಲಿ ಒನೈಡಾ ಕೌಂಟಿ ಅಂಗೀಕರಿಸಿದ ಕಟ್ಟಳೆಯನ್ನು ಆ ದೇಶದ ಪ್ರಥಮ ಗ್ರಾಮೀಣ ವಲಯ ಕಟ್ಟಳೆ ಎಂದು ಗುರುತಿಸಲಾಗುತ್ತದೆ. ಅರಣ್ಯ ವಲಯದಲ್ಲಿ ಹೊಸದಾಗಿ ಬೇಸಾಯದ ನೆಲೆ ಹೂಡುವುದನ್ನು ನಿಷೇಧಿಸಲಾಯಿತು. ಆದರೆ ಈಗಾಗಲೇ ನೆಲೆಸಿದ್ದವರನ್ನು ಎಬ್ಬಿಸಲಿಲ್ಲ. ಅವರ ಬಳಕೆಯನ್ನು ದಾಖಲಿಸಿ ಮುಂದುವರಿಯಲು ಬಿಡಲಾಯಿತು. ಈ ಒಂದು ವಿನಾಯಿತಿ ಇಲ್ಲದಿದ್ದರೆ ಟೌನುಗಳ ಒಪ್ಪಿಗೆ ದೊರೆಯುತ್ತಿರಲಿಲ್ಲ ಎನ್ನಬಹುದು. 1930ರ ದಶಕ ಮುಗಿಯುವುದರೊಳಗೆ ಅದೇ ರಾಜ್ಯದ ಇಪ್ಪತ್ತಕ್ಕೂ ಹೆಚ್ಚು ಕೌಂಟಿಗಳು ಇಂಥ ಕಟ್ಟಳೆಗಳನ್ನು ಮಾಡಿಕೊಂಡವು.

ಇಲ್ಲಿ ಜನರ ಮುಂದಿದ್ದ ಪ್ರಶ್ನೆ ಸಂಕುಚಿತವಾದದ್ದು: ಮುಂದೆ ಎಲ್ಲಿ ಒಕ್ಕಲಾಗಬಾರದು? ಭೂಮಿ ಯಾರದು, ಬೆಲೆ ಯಾರು ಕಟ್ಟಬೇಕು, ಮೊದಲು ಆ ಬಯಲನ್ನು ಮಾರಿ ಲಾಭ ಮಾಡಿಕೊಂಡವರ ಹೊಣೆ ಏನು ಎಂಬವು ಚರ್ಚೆಗೆ ಬರಲಿಲ್ಲ. ಆದರೆ ಆ ಸಂಕುಚಿತ ಪ್ರಶ್ನೆಗೆ ‘ಬೇಡ’ ಎನ್ನುವ ಅಧಿಕಾರ ಟೌನಿನ ಕೈಯಲ್ಲಿತ್ತು.

ಎರಡನೆಯ ಪ್ರಯೋಗ ಇದಕ್ಕಿಂತ ಬಹಳ ವಿಶಾಲವಾದದ್ದು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ರೂಸ್‌ವೆಲ್ಟ್ ಸರಕಾರವು ಕೃಷಿಗಾಗಿ ಒಂದರ ಹಿಂದೊಂದು ಸಂಸ್ಥೆಗಳನ್ನು ಹುಟ್ಟುಹಾಕಿತು. 1933ರ ಕೃಷಿ ಹೊಂದಾಣಿಕೆ ಕಾಯಿದೆಯಂತೆ ಬಿತ್ತನೆ ತಗ್ಗಿಸಿದ ರೈತರಿಗೆ ಹಣ ಸಲ್ಲುತ್ತಿತ್ತು; ಅದರ ಆಡಳಿತಕ್ಕೆ ರೈತರದೇ ಕೌಂಟಿ ಸಮಿತಿಗಳಿದ್ದವು. 1935ರಲ್ಲಿ ಮಣ್ಣು ಸಂರಕ್ಷಣಾ ಸೇವೆ ಬಂದಿತು. 1937ರಲ್ಲಿ ಬಡ ಬೇಸಾಯಗಾರರಿಗೆ ಸಾಲ ನೀಡುವ ಕೃಷಿ ಭದ್ರತಾ ಆಡಳಿತ ಸ್ಥಾಪನೆಯಾಯಿತು. ಇವೆಲ್ಲಕ್ಕೂ ಮೊದಲೇ, 1914ರ ಸ್ಮಿತ್–ಲೀವರ್ ಕಾಯಿದೆಯಿಂದ ರೂಪುಗೊಂಡ ಕೃಷಿ ವಿಸ್ತರಣಾ ವ್ಯವಸ್ಥೆ ರಾಜ್ಯಗಳ ಕೃಷಿ ಕಾಲೇಜುಗಳ ಅಧೀನದಲ್ಲಿತ್ತು. ಪರಿಣಾಮವಾಗಿ ಒಂದೇ ರೈತನ ಹೊಲಕ್ಕೆ ನಾಲ್ಕು ಇಲಾಖೆಗಳವರು ನಾಲ್ಕು ಬಗೆಯ ಸಲಹೆ ಹೊತ್ತು ಬರುವಂತಾಯಿತು. ನಮ್ಮ ಓದುಗರಿಗೆ ಇದು ಅಪರಿಚಿತ ಚಿತ್ರವೇನಲ್ಲ.

1938ರ ಜುಲೈ 8ರಂದು ವರ್ಜೀನಿಯಾದ ಮೌಂಟ್ ವೆದರ್ ಎಂಬಲ್ಲಿ ಕೇಂದ್ರ ಕೃಷಿ ಇಲಾಖೆಯೂ ಕೃಷಿ ಕಾಲೇಜುಗಳ ಪ್ರತಿನಿಧಿಗಳೂ ಒಂದು ಒಪ್ಪಂದಕ್ಕೆ ಬಂದರು. ಇದರಂತೆ ಕೌಂಟಿಗಳಲ್ಲಿ ಭೂಬಳಕೆ ಯೋಜನಾ ಸಮಿತಿಗಳನ್ನು ರಚಿಸಬೇಕಾಗಿತ್ತು. ತಳಮಟ್ಟದಲ್ಲಿ ಊರುಕೇರಿಗಳ ಸಮಿತಿ; ಅದರ ಮೇಲೆ ರೈತರೇ ಬಹುಸಂಖ್ಯೆಯಲ್ಲಿರುವ ಕೌಂಟಿ ಸಮಿತಿ; ಅದರಲ್ಲಿ ಇಲಾಖೆಗಳ ಸ್ಥಳೀಯ ಅಧಿಕಾರಿಗಳೂ ಸದಸ್ಯರು; ಮೇಲೆ ರಾಜ್ಯ ಸಮಿತಿ. ಕೃಷಿ ಕಾರ್ಯದರ್ಶಿ ಹೆನ್ರಿ ವಾಲೇಸ್ ಅವರ ಬೆಂಬಲ ಇದಕ್ಕಿತ್ತು. ಅಧೀನ ಕಾರ್ಯದರ್ಶಿಯಾಗಿದ್ದ ಎಂ. ಎಲ್. ವಿಲ್ಸನ್ ಮತ್ತು ಕೃಷಿ ಅರ್ಥಶಾಸ್ತ್ರ ಕಚೇರಿಯ ಮುಖ್ಯಸ್ಥ ಹೊವರ್ಡ್ ಟಾಲಿ ಇದರ ಪ್ರಧಾನ ಶಿಲ್ಪಿಗಳು. ಮಧ್ಯಪಶ್ಚಿಮದ ಬೇಸಾಯದ ಕುಟುಂಬಗಳ ಹಿನ್ನೆಲೆಯಿಂದ ಬಂದ ಈ ವಿದ್ವಾಂಸರಿಗೆ, ತಜ್ಞನ ಜ್ಞಾನವೂ ಒಕ್ಕಲಿಗನ ಅನುಭವವೂ ಒಂದೇ ಮೇಜಿನ ಮೇಲೆ ಕೂಡಬೇಕೆಂಬ ದೃಢವಾದ ನಂಬಿಕೆಯಿತ್ತು. ಅದಕ್ಕಾಗಿಯೇ ರೈತರ ಚರ್ಚಾಕೂಟಗಳನ್ನೂ ವಿಸ್ತರಣಾ ಸಿಬ್ಬಂದಿಗೆ ‘ತತ್ತ್ವಶಾಸ್ತ್ರ ಶಾಲೆ’ಗಳನ್ನೂ ಇಲಾಖೆ ಏರ್ಪಡಿಸಿತು. ಕೃಷಿ ಇಲಾಖೆಯೊಂದು ತನ್ನ ನೌಕರರಿಗೆ ತತ್ತ್ವಶಾಸ್ತ್ರ ಬೋಧಿಸಲು ಹೊರಟ ಉದಾಹರಣೆ ಬೇರೆಡೆ ಸುಲಭವಾಗಿ ಸಿಗಲಾರದು.

ಸಮಿತಿಗಳ ಕೆಲಸ ಮೂರು ಹಂತಗಳಲ್ಲಿ ಸಾಗಬೇಕಿತ್ತು: ಸಿದ್ಧತೆ, ತೀವ್ರ ಯೋಜನೆ, ಏಕೀಕೃತ ಕಾರ್ಯಕ್ರಮ. ಎರಡನೆಯ ಹಂತವೇ ಇದರ ಹೃದಯ. ಊರಿನ ಸಮಿತಿಯವರು ತಮ್ಮ ಪ್ರದೇಶದ ನಕ್ಷೆಯನ್ನು ಮುಂದಿಟ್ಟುಕೊಂಡು ನೆಲವನ್ನು ತಾವೇ ವರ್ಗೀಕರಿಸುತ್ತಿದ್ದರು. ಈಗ ಉಳುಮೆಯಲ್ಲಿದ್ದು ಮುಂದೆಯೂ ಇರಬೇಕಾದದ್ದು ಯಾವುದು, ಉಳುಮೆಯಲ್ಲಿದ್ದರೂ ಅದಕ್ಕೆ ತಕ್ಕದ್ದಲ್ಲದ್ದು ಯಾವುದು, ಬೀಳುಬಿದ್ದಿದ್ದರೂ ಬೇಸಾಯಕ್ಕೆ ಒದಗುವಂಥದ್ದು ಯಾವುದು, ಯಾವುದರ ಬಗ್ಗೆ ಇನ್ನೂ ತೀರ್ಮಾನ ಸಾಧ್ಯವಿಲ್ಲ ಎಂಬುದನ್ನು ಗುರುತಿಸಬೇಕಿತ್ತು. ಮಣ್ಣಿನ ಸರ್ವೇಕ್ಷಣೆಯ ಮಾಹಿತಿ ತಜ್ಞರಿಂದ ಬರುತ್ತಿತ್ತು. ಯಾವ ಹೊಲ ಎಷ್ಟು ಒಕ್ಕಲುಗಳನ್ನು ಸೋಲಿಸಿದೆ ಎಂಬ ಮಾಹಿತಿ ಯಾವ ಸರ್ವೇಕ್ಷಣೆಯಲ್ಲೂ ಇರುವಂಥದ್ದಲ್ಲ. ಅದು ಸಮಿತಿಯ ಸದಸ್ಯರ ನೆನಪಿನಲ್ಲಿತ್ತು. ನೆಲದಿಂದ ಆರಂಭವಾದ ಚರ್ಚೆ ಗೇಣಿ, ಸಾಲ, ಶಾಲೆ, ರಸ್ತೆ, ಆರೋಗ್ಯಗಳ ಕಡೆಗೆ ಹರಿದದ್ದು ಸಹಜ. 1942ರ ವೇಳೆಗೆ ದೇಶದ ಕೌಂಟಿಗಳಲ್ಲಿ ಸುಮಾರು ಮೂರನೇ ಎರಡರಷ್ಟು ಈ ಕಾರ್ಯಕ್ರಮದೊಳಗೆ ಬಂದಿದ್ದವು. ಸಮಿತಿಗಳಲ್ಲಿ ಭಾಗವಹಿಸಿದ ಗ್ರಾಮೀಣ ಸ್ತ್ರೀಪುರುಷರ ಸಂಖ್ಯೆ ಸುಮಾರು 2 ಲಕ್ಷವನ್ನು ಮುಟ್ಟಿತ್ತು.

ಆದರೆ ಈ 2 ಲಕ್ಷ ಜನ ಯಾರು? ಬಹುಪಾಲು ಸ್ವಂತ ಜಮೀನುಳ್ಳ ಬಿಳಿಯ ರೈತರು. ಗೇಣಿದಾರರು, ಪಾಲಿನ ಬೇಸಾಯಗಾರರು, ಕೃಷಿ ಕೂಲಿಗಳು ಅವರ ಸಂಖ್ಯೆಗೆ ತಕ್ಕಷ್ಟು ಎಲ್ಲಿಯೂ ಇರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಬೇಸಾಯಗಾರರ ಪ್ರಾತಿನಿಧ್ಯ ಅತ್ಯಲ್ಪ. ಜಾರ್ಜಿಯಾ ರಾಜ್ಯದ ಗ್ರೀನ್ ಕೌಂಟಿ ಈ ದೃಷ್ಟಿಯಿಂದ ಅಧ್ಯಯನ ಯೋಗ್ಯ. 1920ರ ದಶಕದ ಆರಂಭದಲ್ಲಿ ಮೂತಿಹುಳುವಿನ ಬಾಧೆಯಿಂದ ಹತ್ತಿ ಬೆಳೆ ನೆಲಕಚ್ಚಿ, ಕಪ್ಪು ಜನ ಗುಂಪುಗುಂಪಾಗಿ ಊರು ಬಿಟ್ಟಿದ್ದ ಕೌಂಟಿ ಅದು. ಅಲ್ಲಿ ಏಕೀಕೃತ ಕಾರ್ಯಕ್ರಮ ಜಾರಿಯಾಗಿ ಸಾಲ, ಮಣ್ಣು ಸಂರಕ್ಷಣೆ, ಆರೋಗ್ಯ, ಶಾಲೆಗಳ ಕೆಲಸ ಒಂದೇ ಯೋಜನೆಯೊಳಗೆ ಸೇರಿತು. ಸಮಾಜಶಾಸ್ತ್ರಜ್ಞ ಆರ್ಥರ್ ರೇಪರ್ ಅದರ ವೃತ್ತಾಂತವನ್ನು 1943ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಬಡ ಕುಟುಂಬಗಳಿಗೆ, ಕಪ್ಪು ಕುಟುಂಬಗಳಿಗೂ ಸಹ, ಅದರಿಂದ ಪ್ರಯೋಜನವಾದದ್ದು ನಿಜ. ಆದರೆ ಪ್ರಯೋಜನ ಪಡೆಯುವುದು ಬೇರೆ, ನಕ್ಷೆಯ ಮೇಲೆ ಗೆರೆ ಎಳೆಯುವುದು ಬೇರೆ. ‘ನಿವಾಸಿ’ ಎಂಬ ಪದ ಎಲ್ಲರನ್ನೂ ಒಳಗೊಳ್ಳುವಂತೆ ಕಂಡರೂ ಸಭೆಯಲ್ಲಿ ಕುರ್ಚಿ ಸಿಕ್ಕಿದ್ದು ಖಾತೆದಾರನಿಗೆ.

ಸಮಿತಿಗಳನ್ನು ಕೊನೆಗಾಣಿಸಿದ್ದು ಈ ದೋಷವಲ್ಲ ಎಂಬುದು ವಿಚಿತ್ರ. ಅವುಗಳನ್ನು ವಿರೋಧಿಸಿದವರು ಅನುಕೂಲಸ್ಥ ರೈತರ ಪ್ರಬಲ ಸಂಘಟನೆಯಾದ ಅಮೆರಿಕನ್ ಫಾರ್ಮ್ ಬ್ಯೂರೋ ಫೆಡರೇಷನ್‌ನವರು. ಕೌಂಟಿ ಮಟ್ಟದಲ್ಲಿ ವಿಸ್ತರಣಾ ವ್ಯವಸ್ಥೆಯೊಡನೆ ಹಲವು ವರ್ಷಗಳಿಂದ ಹೆಣೆದುಕೊಂಡಿದ್ದ ಈ ಸಂಘಟನೆಗೆ, ರೈತರ ಪರವಾಗಿ ಮಾತನಾಡುವ ಇನ್ನೊಂದು ವೇದಿಕೆ ಬೆಳೆಯುವುದು ಹಿತವೆನಿಸಲಿಲ್ಲ. ಎಡ್ವರ್ಡ್ ಓನೀಲ್ ಆಗ ಅದರ ಅಧ್ಯಕ್ಷರು. ಯೋಜನೆಯ ಅಧಿಕಾರವನ್ನು ಕೃಷಿ ಅರ್ಥಶಾಸ್ತ್ರ ಕಚೇರಿಯಿಂದ ಕಸಿಯಬೇಕೆಂದು ಸಂಘಟನೆ 1940ರ ಕೊನೆಯಿಂದ ಒತ್ತಾಯಿಸತೊಡಗಿತು. ಇಲಾಖೆಯೊಳಗಿನ ಇತರ ಸಂಸ್ಥೆಗಳಿಗೂ ಸಮಿತಿಗಳ ಮಾತಿಗೆ ಕಟ್ಟುಬೀಳುವ ಆಸಕ್ತಿಯಿರಲಿಲ್ಲ. 1941ರ ಜನವರಿಯಲ್ಲಿ ವಾಲೇಸ್ ಉಪಾಧ್ಯಕ್ಷ ಪದವಿಗೆ ತೆರಳಿದ್ದರು. ವರ್ಷದ ಕೊನೆಗೆ ದೇಶ ಯುದ್ಧಕ್ಕಿಳಿಯಿತು. ಕೌಂಟಿಯಲ್ಲಿ ಸಮನ್ವಯದ ಕೆಲಸವನ್ನು ಯುದ್ಧ ಮಂಡಳಿಗಳು ವಹಿಸಿಕೊಂಡವು. 1942ರಲ್ಲಿ ಕಾಂಗ್ರೆಸ್ಸು ರಾಜ್ಯ ಮತ್ತು ಕೌಂಟಿ ಭೂಬಳಕೆ ಯೋಜನೆಗೆ ಹಣ ವಿನಿಯೋಗಿಸುವುದನ್ನೇ ನಿಷೇಧಿಸಿತು. ಸಮಿತಿಗಳು ಒಪ್ಪಂದದಿಂದ ಹುಟ್ಟಿದ್ದವು, ಕಾನೂನಿನಿಂದಲ್ಲ. ಅನುದಾನ ನಿಂತೊಡನೆ ಅವುಗಳಿಗೆ ಆಧಾರವೇ ಉಳಿಯಲಿಲ್ಲ.

ಈ ಪ್ರಯೋಗದ ಮೌಲ್ಯಮಾಪನದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಫಿಲಿಪ್ ಸೆಲ್ಜ್‌ನಿಕ್ 1949ರಲ್ಲಿ ಟೆನೆಸ್ಸಿ ಕಣಿವೆ ಪ್ರಾಧಿಕಾರವನ್ನು ಕುರಿತು ಬರೆಯುತ್ತ, ತಳಮಟ್ಟದ ಭಾಗವಹಿಸುವಿಕೆ ಎಂಬುದು ಸ್ಥಳೀಯ ಪ್ರಬಲರನ್ನು ಒಳಗೆಳೆದುಕೊಳ್ಳುವ ಉಪಾಯವಾಗಬಲ್ಲದೆಂದು ತೋರಿಸಿದರು. ಕೌಂಟಿ ಸಮಿತಿಗಳನ್ನೂ ಇದೇ ಕಣ್ಣಿನಿಂದ ನೋಡುವ ಪರಂಪರೆ ಬಹುಕಾಲ ನಡೆಯಿತು. ಜೆಸ್ ಗಿಲ್ಬರ್ಟ್ 2015ರ ತಮ್ಮ ಗ್ರಂಥದಲ್ಲಿ ಇದನ್ನು ಮರುಪರಿಶೀಲಿಸಿ, ಅಲ್ಲಿ ನಿಜವಾದ ಪ್ರಜಾಸತ್ತಾತ್ಮಕ ಯೋಜನೆಯ ಬೀಜವಿತ್ತೆಂದು ವಾದಿಸಿದ್ದಾರೆ. ಎರಡೂ ಕಡೆಯ ವಾದಗಳಲ್ಲಿ ಹುರುಳಿದೆ. ಆದರೆ ಪ್ರಸ್ತುತ ಲೇಖಕನಿಗೆ ಕಾಣುವಂತೆ, ಕೇಳಬೇಕಾದ ಪ್ರಶ್ನೆ ಜನ ಎಷ್ಟು ಮಾತನಾಡಿದರು ಎಂಬುದಲ್ಲ. ಅವರು ‘ಬೇಡ’ ಎಂದರೆ ಏನಾಗುತ್ತಿತ್ತು ಎಂಬುದು. ವಿಸ್ಕಾನ್ಸಿನ್‌ನ ಟೌನ್ ಬೇಡವೆಂದರೆ ಕಟ್ಟಳೆ ನಿಲ್ಲುತ್ತಿತ್ತು. 1938ರ ಸಮಿತಿ ಬೇಡವೆಂದರೆ ಅದು ಶಿಫಾರಸಾಗಿ ದಾಖಲಾಗುತ್ತಿತ್ತು.

ಇದಕ್ಕೆ ಪೂರಕವಾಗಿ ಮಣ್ಣು ಸಂರಕ್ಷಣಾ ಜಿಲ್ಲೆಗಳನ್ನು ನೆನೆಯಬಹುದು. 1937ರಲ್ಲಿ ರೂಸ್‌ವೆಲ್ಟ್ ರಾಜ್ಯಗಳಿಗೆ ಕಳುಹಿಸಿದ ಮಾದರಿ ಕಾನೂನಿನಂತೆ ರೈತರ ಮನವಿ ಮತ್ತು ಜನಮತದ ಮೂಲಕ ಇವು ರಚನೆಗೊಂಡವು. ಕಾನೂನಿನ ಆಧಾರವಿದ್ದುದರಿಂದ ಇವು ಇಂದಿಗೂ ಇವೆ. ಆದರೆ ಆ ಮಾದರಿಯಲ್ಲಿ ಸೂಚಿಸಿದ್ದ, ಭೂಬಳಕೆಯನ್ನು ನಿಯಂತ್ರಿಸುವ ಅಧಿಕಾರವನ್ನು ಅವು ಬಳಸಿದ್ದು ತೀರ ಅಪರೂಪ. ಸಲಹೆ ಮತ್ತು ಸಹಾಯಕ್ಕೆ ತಮ್ಮನ್ನು ಸೀಮಿತಗೊಳಿಸಿಕೊಂಡೇ ಅವು ಬಾಳಿದವು. ಕಾನೂನು ಸಂಸ್ಥೆಯನ್ನು ಉಳಿಸಬಲ್ಲದಾದರೂ ಅದರ ಸಂಕಲ್ಪವನ್ನು ಉಳಿಸುವ ಭರವಸೆ ಕೊಡಲಾರದು.

ಈ ಕಥೆಯ ಒಂದು ಎಳೆ ಭಾರತದವರೆಗೆ ಬಂದಿದೆ. ಕೃಷಿ ಅರ್ಥಶಾಸ್ತ್ರ ಕಚೇರಿಯ ಗ್ರಾಮೀಣ ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಕಾರ್ಲ್ ಟೇಲರ್ 1950ರ ದಶಕದಲ್ಲಿ ಭಾರತದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮವನ್ನು ಅಧ್ಯಯನ ಮಾಡಿದರು. ಅದೇ ಕೃಷಿ ಇಲಾಖೆಯಲ್ಲಿ ದುಡಿದಿದ್ದ ಡಗ್ಲಸ್ ಎನ್ಸ್‌ಮಿಂಗರ್ 1951ರಿಂದ 1970ರವರೆಗೆ ದೆಹಲಿಯಲ್ಲಿ ಫೋರ್ಡ್ ಪ್ರತಿಷ್ಠಾನದ ಪ್ರತಿನಿಧಿಯಾಗಿದ್ದರು. 1952ರ ಅಕ್ಟೋಬರ್ 2ರಂದು 55 ಯೋಜನಾ ಪ್ರದೇಶಗಳಲ್ಲಿ ಆರಂಭವಾದ ಈ ಕಾರ್ಯಕ್ರಮದ ಮೂಲವನ್ನು ಅಮೆರಿಕಕ್ಕೆ ಮಾತ್ರ ಕಟ್ಟುವುದು ಸಲ್ಲದು; ಶ್ರೀನಿಕೇತನ, ಸೇವಾಗ್ರಾಮ, ಇಟಾವಾಗಳ ಅನುಭವ ಅದರ ಹಿಂದಿತ್ತು. ಆದರೆ ವಿಸ್ತರಣೆಯ ವಿಧಾನ ಬಂದಷ್ಟು ಸುಲಭವಾಗಿ ಯೋಜನಾ ಸಮಿತಿಯ ಕಲ್ಪನೆ ಬರಲಿಲ್ಲ. ಗ್ರಾಮಸೇವಕ ಬಂದನು, ಊರವರು ತಮ್ಮ ನೆಲದ ನಕ್ಷೆಯನ್ನು ಮುಂದಿಟ್ಟುಕೊಂಡು ವರ್ಗೀಕರಿಸುವ ಸಭೆ ಕಾರ್ಯಕ್ರಮದ ಅಂಗವಾಗಲಿಲ್ಲ. ಸ್ಥಳೀಯ ಉಪಕ್ರಮವನ್ನು ಎಚ್ಚರಿಸುವಲ್ಲಿ ಕಾರ್ಯಕ್ರಮ ಸೋತಿದೆಯೆಂದು 1957ರಲ್ಲಿ ಬಲವಂತರಾಯ್ ಮೆಹತಾ ಸಮಿತಿ ವರದಿ ಮಾಡಿ, ಚುನಾಯಿತ ಸಂಸ್ಥೆಗಳಿಗೆ ಅಧಿಕಾರ ವರ್ಗಾಯಿಸಲು ಸೂಚಿಸಿತು. ಆ ಹಿನ್ನೆಲೆಯಲ್ಲಿ ಬಂದ ಮೈಸೂರು ರಾಜ್ಯದ 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ ಚುನಾಯಿತ ತಾಲ್ಲೂಕು ಅಭಿವೃದ್ಧಿ ಮಂಡಳಿಗಳನ್ನು ಸ್ಥಾಪಿಸಿತು. ಅವುಗಳ ಮೇಲೆ ಸಮನ್ವಯಕ್ಕೆಂದು ಜಿಲ್ಲಾ ಅಭಿವೃದ್ಧಿ ಪರಿಷತ್ತನ್ನು ಇರಿಸಿ, ಅದರ ಅಧ್ಯಕ್ಷತೆಯನ್ನು ಡೆಪ್ಯುಟಿ ಕಮಿಷನರಿಗೆ ವಹಿಸಿತು.